ಬಳ್ಳಾರಿಯಲ್ಲಿ ಸಿಕ್ಕ ಉತ್ತರ, ಹೊಸೂರು ರಸ್ತೆಯ ಕ್ಯೂ

"ಇವನನ್ನ ಮೊದಲು ನಿಮ್ಹಾನ್ಸ್‌ಗೆ ಸೇರಿಸ್ರಪ್ಪಾ!"

ನಮ್ಮ ಕನ್ನಡ ಬ್ಲಾಗುಗಳ ಕಾಮೆಂಟುಗಳಲ್ಲಿ ಈ ಮಾತು ಕಾಣದೆ ಒಂದು ವಾರ ಕಳೆಯೋದು ಕಷ್ಟ. ರಾಜಕಾರಣಿ ಏನೋ ಬಡಬಡಿಸಿದರೆ ನಿಮ್ಹಾನ್ಸ್, ನಟ ವೇದಿಕೆ ಮೇಲೆ ಕೂಗಾಡಿದರೆ ನಿಮ್ಹಾನ್ಸ್, ನಮಗೆ ಅರ್ಥವಾಗದ ಕವಿತೆ ಬರೆದವನಿಗೂ ನಿಮ್ಹಾನ್ಸ್ :-) ಉತ್ತರ ಕರ್ನಾಟಕದ ಗೆಳೆಯರ ಬಾಯಲ್ಲಿ ಇದೇ ಮಾತು "ಧಾರವಾಡಕ್ಕ ಕಳಸ್ರಿ ಇವನ್ನ" ಅಂತ ಆಗುತ್ತೆ. ಅಲ್ಲಿನ ಮಾನಸಿಕ ಆಸ್ಪತ್ರೆಯೂ ಬೆಂಗಳೂರಿನದರಷ್ಟೇ ಹಳೆಯದು, ಜೋಕೂ ಅಷ್ಟೇ ಹಳೆಯದು.

ಈ ಜೋಕು ಕೆಟ್ಟದ್ದು, ಇನ್ಮೇಲೆ ಯಾರೂ ಹೇಳಬೇಡಿ ಅಂತ ಉಪದೇಶ ಮಾಡೋ ಉದ್ದೇಶ ನನಗಿಲ್ಲ. ಉಪದೇಶ ಕೇಳಿ ಜೋಕು ಬಿಟ್ಟವರನ್ನ ನಾನಂತೂ ನೋಡಿಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ. ಆ ಎರಡು ವಾಕ್ಯಗಳ ಕ್ರಿಯಾಪದಗಳನ್ನ ಒಮ್ಮೆ ನೋಡಿ: "ಸೇರಿಸು", "ಕಳಿಸು". ಮನಸ್ಸಿನ ಕಾಯಿಲೆ ಅಂದ ತಕ್ಷಣ ನಮಗೆ ಹೊಳೆಯೋದು ಔಷಧಿ ಅಲ್ಲ, ಡಾಕ್ಟರೂ ಅಲ್ಲ, ಒಂದು ವಿಳಾಸ. ದೂರದ ಒಂದು ಕಾಂಪೌಂಡು. ಅಲ್ಲಿಗೆ ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗೀತು. ತಮಾಷೆಗೆ ಹೀಗೆ ಅಂದುಕೊಂಡರೆ ಹೋಗಲಿ ಬಿಡಿ, ಊರಿನ ಸರ್ಕಾರಿ ಆಸ್ಪತ್ರೆಯೂ ಹೀಗೇ ಅಂದುಕೊಂಡಿದೆ, ಹಣ ಹಂಚುವವರೂ ಹೀಗೇ ಅಂದುಕೊಂಡಿದ್ದಾರೆ ಅನ್ನೋದು ನನ್ನ ತಕರಾರು.

ಇದರಲ್ಲಿ ನಗು ಬರೋ ವಿಷಯ ಏನು ಗೊತ್ತಾ? "ಎಲ್ಲರನ್ನೂ ನಮ್ಮ ಹತ್ರ ಕಳಿಸಬೇಕಾಗಿಲ್ಲ" ಅಂತ ನಲವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದವರು ಬೇರೆ ಯಾರೂ ಅಲ್ಲ, ನಿಮ್ಹಾನ್ಸ್‌ನವರೇ. ಆ ಸಂಸ್ಥೆ ಮಾಡಿದ ಅತ್ಯಂತ ದೊಡ್ಡ ಕೆಲಸ ನನ್ನ ಪ್ರಕಾರ ಅದೇ. ಅದು ನಡೆದದ್ದು ನಮ್ಮದೇ ರಾಜ್ಯದಲ್ಲಿ, ಬಳ್ಳಾರಿಯಲ್ಲಿ. ಮತ್ತೆ ಅದನ್ನ ಹಾಯಾಗಿ ಮರೆತವರೂ ನಾವೇ.

*

ಮೊದಲು ಈ ಸಂಸ್ಥೆಯ ಕಥೆ ಸ್ವಲ್ಪ. 1847ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಇದರ ಹೆಸರು "ಲೂನಾಟಿಕ್ ಅಸೈಲಮ್". ಅಂದರೆ ಹುಚ್ಚರನ್ನ ಇಡೋ ಜಾಗ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ತೆಗೆದು "ಮೆಂಟಲ್ ಹಾಸ್ಪಿಟಲ್" ಅಂತ ಮಾಡಿತು. ಇಡೋ ಜಾಗ ಹೋಗಿ ಆಸ್ಪತ್ರೆ ಬಂತು, ಕನಿಷ್ಠ ಬೋರ್ಡಿನ ಮೇಲಾದರೂ. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿಕೊಂಡಿತು, ಪಾಠ ಹೇಳೋಕೆ, ಸಂಶೋಧನೆ ಮಾಡೋಕೆ. 1974ರ ಡಿಸೆಂಬರ್ 27ರಂದು ರಾಜ್ಯದ ಆಸ್ಪತ್ರೆ, ಕೇಂದ್ರದ ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯ್ತು. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ, 2012ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆ.

ಇದು ಬರೀ ಮಾನಸಿಕ ಕಾಯಿಲೆಗಳ ಆಸ್ಪತ್ರೆ ಅಂತ ತಿಳಿದವರೂ ಬಹಳ ಜನ ಇದ್ದಾರೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ತಲೆ ಒಡೆದುಕೊಂಡವರನ್ನ ಕರೆತರೋದೂ ಇಲ್ಲಿಗೇ. ಮಿದುಳಿನ ಗೆಡ್ಡೆ, ಮಿದುಳು ಜ್ವರ, ಪಾರ್ಶ್ವವಾಯು, ಮೂರ್ಛೆರೋಗ, ಎಲ್ಲದಕ್ಕೂ ಇಲ್ಲಿ ವಿಭಾಗಗಳಿವೆ. ದಾನವಾಗಿ ಬಂದ ಮಿದುಳುಗಳನ್ನ ಸಂಶೋಧನೆಗಾಗಿ ಕಾಪಾಡುವ ಬ್ರೈನ್ ಬ್ಯಾಂಕ್ ಇದೆ. ಮಿದುಳುಗಳದೇ ಒಂದು ಮ್ಯೂಸಿಯಂ ಇದೆ, ಸಾರ್ವಜನಿಕರೂ ಹೋಗಿ ನೋಡಬಹುದು. ಜೋಕು ಹೇಳುವ ಮೊದಲು ಒಮ್ಮೆ ಹೋಗಿ ಬನ್ನಿ. ಎಲ್ಲರ ತಲೆಯೊಳಗೂ ಇರೋದು ಅದೇ ಬೂದು ಬಣ್ಣದ ಮುದ್ದೆ ಅಂತ ಕಣ್ಣಾರೆ ಕಂಡ ಮೇಲೆ ಜೋಕಿನ ರುಚಿ ಸ್ವಲ್ಪ ಕಡಿಮೆಯಾಗುತ್ತೆ.

ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಹೇಳ್ತೀನಿ. ನಮ್ಮ ಕಡೆ ತಲೆಗೆ ಸ್ನಾನ ಅಂದರೆ ಹೇಗೆ? ಬಚ್ಚಲಲ್ಲಿ ಹಂಡೆ ತುಂಬಾ ಕುದಿಯೋ ನೀರು, ಚೊಂಬಲ್ಲಿ ಮೊಗೆದು ಮೊಗೆದು ನೆತ್ತಿ ಮೇಲೆ ಸುರಿಯೋದು. ಕೆಲವು ಮಕ್ಕಳಿಗೆ, ದೊಡ್ಡವರಿಗೂ, ಹೀಗೆ ಬಿಸಿನೀರು ತಲೆ ಮೇಲೆ ಬಿದ್ದಾಗಲೇ ಮೂರ್ಛೆ ಬರುತ್ತೆ. ಪ್ರಪಂಚದ ಬೇರೆ ಕಡೆ ಅಪರೂಪವಾದ ಈ ಬಿಸಿನೀರಿನ ಮೂರ್ಛೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ, ಹೆಚ್ಚು ಕಾಣುತ್ತೆ. ಡಾ. ಕೆ. ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮುಂತಾದವರು ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದರು. ಪರಿಹಾರ ಎಷ್ಟು ಸರಳ ನೋಡಿ: ನೀರಿನ ಬಿಸಿ ಕಡಿಮೆ ಮಾಡಿ, ನೆತ್ತಿ ಮೇಲೆ ಒಂದೇ ಸಮ ಸುರಿಯಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ ಡಾಕ್ಟರು ಹೇಳಿದ ಹಾಗೆ ತಲೆಸ್ನಾನಕ್ಕೆ ಮೊದಲು ಒಂದು ಮಾತ್ರೆ.

ನಮ್ಮ ಬಚ್ಚಲಮನೆಗೆ ಬಂದು ನಮ್ಮ ಚೊಂಬನ್ನೂ ಬಿಡದೆ ಪರೀಕ್ಷೆ ಮಾಡಿದ ವಿಜ್ಞಾನ ಇದು. ಈಗ ಹೇಳಿ, ನಿಮ್ಮೂರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? "ಬಚ್ಚಲಲ್ಲಿ ಗಾಳಿ ಸೋಕ್ತು" ಅಂತ ತಾಯತ ಕಟ್ಟಿಸಿಕೊಂಡು ತಿರುಗೋ ಮಗು ಇನ್ನೂ ಇದೆಯೋ ಇಲ್ಲವೋ? ಹೊಸೂರು ರಸ್ತೆಯಲ್ಲಿ ಗೊತ್ತಿರೋ ವಿಷಯ ಊರಿಗೆ ತಲುಪೋದೇ ಇಲ್ಲ. ಬದಲಿಗೆ ಊರೇ ಹೊಸೂರು ರಸ್ತೆಗೆ ಬರಬೇಕು.

*

ಈ ಕೊರತೆಯನ್ನ ಆ ಸಂಸ್ಥೆಯ ಕೆಲವು ಡಾಕ್ಟರುಗಳು 1970ರ ದಶಕದಲ್ಲೇ ಗುರುತಿಸಿದ್ದರು. ಡಾ. ಆರ್. ಎಲ್. ಕಪೂರ್ ಅಂತ ಒಬ್ಬರು ಮನೋವೈದ್ಯರು. ಮಾರಿಸ್ ಕಾರ್‌ಸ್ಟೇರ್ಸ್ ಅನ್ನೋವರ ಜೊತೆ ಸೇರಿ ನಮ್ಮ ಕರಾವಳಿಯ ಕೋಟದಲ್ಲಿ (ಹೌದು, ಕಾರಂತರ ಕೋಟವೇ) ಮನೆಮನೆ ಸುತ್ತಿ ಜನರ ಮನಸ್ಸಿನ ತೊಂದರೆಗಳನ್ನ ಅಧ್ಯಯನ ಮಾಡಿದರು. ಅದರ ಮೇಲೆ ಬರೆದ "ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ" ಪುಸ್ತಕ 1976ರಲ್ಲಿ ಬಂತು. ಮಾನಸಿಕ ಕಾಯಿಲೆ ಪಟ್ಟಣದ ಜನರ ಶೋಕಿ, ಹಳ್ಳಿಯವರು ಗಟ್ಟಿ ಮನಸ್ಸಿನವರು ಅಂತ ಈಗಲೂ ಭಾಷಣ ಬಿಗಿಯೋರು ಅದನ್ನ ಓದಬೇಕು. ಹಳ್ಳಿಯಲ್ಲೂ ಕಾಯಿಲೆ ಧಾರಾಳವಾಗಿದೆ. ಜನ ವೈದ್ಯರ ಹತ್ತಿರಾನೂ ಹೋಗ್ತಾರೆ, ಮಂತ್ರವಾದಿ ಹತ್ತಿರಾನೂ ಹೋಗ್ತಾರೆ, ಎರಡೂ ಕಡೆ ಹೋಗೋದರಲ್ಲಿ ಅವರಿಗೆ ಏನೂ ವಿರೋಧ ಕಾಣಲ್ಲ.

ಇದೇ ಕಪೂರ್ ನಿಮ್ಹಾನ್ಸ್‌ಗೆ ಬಂದ ಮೇಲೆ ಸಮುದಾಯ ಮನೋವೈದ್ಯಕೀಯ ಅನ್ನೋ ಘಟಕ ಶುರುವಾಯ್ತು. ಆನೇಕಲ್ ಕಡೆಯ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರ. ಅಲ್ಲಿ ಕೇಳಿಕೊಂಡ ಪ್ರಶ್ನೆ ಇದು: ಪ್ರಾಥಮಿಕ ಆರೋಗ್ಯ ಕೇಂದ್ರದ ಮಾಮೂಲಿ ಎಂಬಿಬಿಎಸ್ ಡಾಕ್ಟರಿಗೆ, ಹಳ್ಳಿ ಸುತ್ತೋ ಆರೋಗ್ಯ ಕಾರ್ಯಕರ್ತರಿಗೆ ಈ ಕೆಲಸ ಕಲಿಸಬಹುದಾ? ವರ್ಷಗಟ್ಟಲೆ ಬೇಡ, ಕೆಲವೇ ವಾರ. ಕಲಿಸಬಹುದು ಅಂತ ಗೊತ್ತಾಯ್ತು.

ಅದಾದ ಮೇಲೆ ಬಂದದ್ದು ಬಳ್ಳಾರಿ. 1980ರ ದಶಕ. ಇವತ್ತಿನ ವಿಜಯನಗರ ಜಿಲ್ಲೆಯ ಬಹುಪಾಲೂ ಆಗ ಬಳ್ಳಾರಿಯೊಳಗೇ ಇತ್ತು. 15 ಲಕ್ಷಕ್ಕೂ ಮಿಕ್ಕಿ ಜನ, ಬೆಂಗಳೂರಿಂದ ಒಂದು ರಾತ್ರಿಯ ಬಸ್ಸಿನ ದೂರ. ಇಡೀ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟರು. ಐದಾರು ಔಷಧಿಗಳನ್ನ ಆರಿಸಿಕೊಂಡರು: ಕ್ಲೋರ್‌ಪ್ರೊಮಜೀನ್, ಅಮಿಟ್ರಿಪ್ಟಲೀನ್, ಫಿನೋಬಾರ್ಬಿಟೋನ್ ಥರದವು. ಎಲ್ಲಾ ಹಳೆಯವು, ಎಲ್ಲಾ ಅಗ್ಗದವು. ಅವು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಸಿಗೋ ಹಾಗೆ ಮಾಡಿದರು. ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯರು, ಜೊತೆಗೆ ಒಂದು ಸಣ್ಣ ತಂಡ. ಸುಲಭವಾದ ಒಂದು ದಾಖಲೆ ಪುಸ್ತಕ. ತಿಂಗಳಿಗೊಮ್ಮೆ ಪರಿಶೀಲನೆ. ಮೂರ್ಛೆರೋಗವನ್ನೂ ಇದರಲ್ಲೇ ಸೇರಿಸಿದ್ದರು. ಯಾಕಂದರೆ ಹಳ್ಳಿಯಲ್ಲಿ ಎರಡೂ ಕಾಯಿಲೆಯವರು ಹೋಗಿ ನಿಲ್ಲೋದು ಒಂದೇ ದೇವರ ಮುಂದೆ, ಪಡೋದು ಒಂದೇ ಅವಮಾನ.

ಕೆಲಸ ಆಯ್ತು. ಎಷ್ಟರ ಮಟ್ಟಿಗೆ ಅಂದರೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಅದಕ್ಕೆ ಮಾದರಿ ಆಗಿದ್ದು ಇದೇ. ಇವತ್ತಿಗೂ ಪಠ್ಯಪುಸ್ತಕಗಳಲ್ಲಿ "ಬಳ್ಳಾರಿ ಮಾದರಿ" ಅಂತಾನೇ ಹೆಸರು. ಬಳ್ಳಾರಿ ಅಂದರೆ ಗಣಿ, ಧೂಳು, ರಿಪಬ್ಲಿಕ್ ಅಂತ ಸಾಲು ಸಾಲು ಪೋಸ್ಟ್ ಬರೆದ ನಾವು ಈ ಒಂದು ವಿಷಯ ಮಾತ್ರ ಯಾರೂ ಬರೆಯಲಿಲ್ಲ.

*

ಆಮೇಲೆ ಏನಾಯ್ತು? ನನ್ನ ಥರ ಸಾಫ್ಟ್‌ವೇರ್ ಕೂಲಿ ಮಾಡೋರಿಗೆ ಈ ಕಥೆ ಚೆನ್ನಾಗಿ ಗೊತ್ತಿರುತ್ತೆ. ಪೈಲಟ್ ಪ್ರಾಜೆಕ್ಟ್ ಸೂಪರ್ ಸಕ್ಸಸ್. ಡೆಮೋ ನೋಡಿ ಮ್ಯಾನೇಜರುಗಳೆಲ್ಲ ಚಪ್ಪಾಳೆ. ಸ್ಲೈಡುಗಳಲ್ಲಿ ಅದರದೇ ಫೋಟೋ. ಪ್ರೊಡಕ್ಷನ್‌ಗೆ ಹೋಗೋ ಹೊತ್ತಿಗೆ ತಂಡ ಇಲ್ಲ, ದುಡ್ಡಿಲ್ಲ, ನಾಳೆ ನೋಡೋಣ. ಅಲ್ಲಿವರೆಗೂ ಎಲ್ಲ ಟ್ರಾಫಿಕ್ಕೂ ಆ ಹಳೇ ಒಂದೇ ಸರ್ವರ್ ಮೇಲೆ! ಅದು ತಡಕೊಳ್ಳುತ್ತೆ, ತಡಕೊಳ್ಳುತ್ತೆ... ತಡಕೊಳ್ಳುತ್ತಿದೆ ಅಂತ ಹೊಸದನ್ನ ಯಾರೂ ಮಾಡಲ್ಲ.

1996ರಲ್ಲಿ ಶುರುವಾದಾಗ ದೇಶದಲ್ಲಿ ಈ ಕಾರ್ಯಕ್ರಮಕ್ಕೆ ಸಿಕ್ಕಿದ್ದು 4 ಜಿಲ್ಲೆ. ನಿಧಾನಕ್ಕೆ ಹಬ್ಬಿ ಈಗ ಬಹುಪಾಲು ಜಿಲ್ಲೆಗಳಿಗೆ ಬಂದಿದೆ, ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ "ಮನೋಚೈತನ್ಯ" ಕ್ಲಿನಿಕ್ ಅಂತಲೂ ನಮ್ಮ ರಾಜ್ಯ ಮಾಡಿತು. ಏನೂ ಆಗಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಬಳ್ಳಾರಿಯ ಹೃದಯ ಇದ್ದದ್ದು ಜಿಲ್ಲಾ ಕೇಂದ್ರದಲ್ಲೂ ಅಲ್ಲ, ತಾಲೂಕಿನಲ್ಲೂ ಅಲ್ಲ, ಹಳ್ಳಿಯ ಆರೋಗ್ಯ ಕೇಂದ್ರದ ಔಷಧಿ ಬೀರುವಿನಲ್ಲಿ. ಆ ಬೀರು ಖಾಲಿ ಇದ್ದರೆ ಮೇಲೆ ಎಷ್ಟು ಕಾರ್ಯಕ್ರಮ ಇದ್ದರೂ ಅಷ್ಟೇ.

ಇದಕ್ಕೆ ಲೆಕ್ಕ ಬೇಕಾ? 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದ್ದೂ ನಿಮ್ಹಾನ್ಸೇ, 12 ರಾಜ್ಯಗಳಲ್ಲಿ. ಚಿಕಿತ್ಸೆ ಬೇಕಾಗಿದ್ದೂ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92. ಅಂದರೆ ಪರವಾಗಿಲ್ಲ ಅನ್ನೋ ಕಾಯಿಲೆಯಲ್ಲೂ ಹತ್ತರಲ್ಲಿ ಏಳು ಜನಕ್ಕೆ ಏನೂ ಸಿಕ್ಕಿಲ್ಲ. ಲಕ್ಷ ಜನಕ್ಕೆ ಎಷ್ಟು ಮನೋವೈದ್ಯರು ಅಂತ ನೋಡಿದರೆ ಮಧ್ಯಪ್ರದೇಶದಲ್ಲಿ 0.05, ಎಲ್ಲರಿಗಿಂತ ಮುಂದಿದ್ದ ಕೇರಳದಲ್ಲೂ 1.2. (ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಭಾವಿ ಅಧ್ಯಯನ ಮಾಡಿದ್ದರು ಅಷ್ಟೇ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ...)

ಇನ್ನು ದುಡ್ಡು. 2021-22ರ ಕೇಂದ್ರ ಬಜೆಟ್ಟಿನಲ್ಲಿ ಮಾನಸಿಕ ಆರೋಗ್ಯಕ್ಕೆ ಅಂತ ನೇರವಾಗಿ ತೋರಿಸಿದ್ದು 597 ಕೋಟಿ. ಅದರಲ್ಲಿ ನಿಮ್ಹಾನ್ಸ್‌ಗೆ 500 ಕೋಟಿ, ಅಸ್ಸಾಮಿನ ತೇಜಪುರದ ಸಂಸ್ಥೆಗೆ 57 ಕೋಟಿ. ಇಡೀ ದೇಶದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಉಳಿದದ್ದು 40 ಕೋಟಿ. ಜಿಲ್ಲಾ ಕಾರ್ಯಕ್ರಮದ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬೇರೆಯಾಗಿ ಬರುತ್ತೆ, ಅದನ್ನ ಮುಚ್ಚಿಟ್ಟು ವಾದ ಮಾಡೋ ಆಸೆ ನನಗಿಲ್ಲ. ಹಾಗಿದ್ದರೂ ಈ ಮೂರು ಅಂಕಿಗಳನ್ನ ಒಂದರ ಕೆಳಗೊಂದು ಬರೆದು ನೋಡಿ. ಗೋಪುರಕ್ಕೆ ಎಷ್ಟು, ಅಡಿಪಾಯಕ್ಕೆ ಎಷ್ಟು ಅಂತ ಕಾಣುತ್ತೆ. ನಿಮ್ಹಾನ್ಸ್‌ಗೆ 500 ಕೋಟಿ ಜಾಸ್ತಿ ಆಯ್ತು ಅಂತ ನಾನು ಅಂದರೆ ನನ್ನ ಬಾಯಿಗೆ ಹುಳ ಬೀಳಲಿ. ಆ 40 ನೋಡಿ ನಾಚಿಕೆ ಆಗಬೇಕು.

*

ಇಷ್ಟೆಲ್ಲ ಕೂಗಾಡ್ತಿದ್ದೀಯಲ್ಲ, ನಿನಗೇನು ಅಂತ ಕೇಳಬಹುದು.

ನಮ್ಮ ದೊಡ್ಡಮ್ಮನ ಮಗ, ನನಗೆ ಅಣ್ಣ. ಇಪ್ಪತ್ತೆರಡನೇ ವಯಸ್ಸಿಗೆ ಸ್ಕಿಜೋಫ್ರೇನಿಯಾ ಬಂತು. ಅವನನ್ನ ಮನುಷ್ಯನಾಗಿ ಊರಿಗೆ ವಾಪಸ್ ಕಳಿಸಿದ್ದು ನಿಮ್ಹಾನ್ಸೇ. ವಾರ್ಡಿನಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಉಳಿಯೋದು ಅಲ್ಲಿನ ರೂಢಿ, ದೊಡ್ಡಮ್ಮ ಉಳಿದುಕೊಂಡಿದ್ದರು. ಮಗನಿಗೆ ಏನಾಗಿದೆ, ಮಾತ್ರೆ ಯಾಕೆ ನಿಲ್ಲಿಸಬಾರದು ಅನ್ನೋದನ್ನ ನಾಲ್ಕನೇ ಕ್ಲಾಸು ಓದಿದ ಅವರಿಗೆ ಅಲ್ಲಿನವರು ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರು ಅಂದರೆ, ಈಗ ಅವರು ನನಗೇ ಪಾಠ ಮಾಡ್ತಾರೆ. ಆಮೇಲೆ ಅಣ್ಣ ತೆಂಗಿನ ತೋಟ ನೋಡಿಕೊಂಡ, ರಾಗಿ ಬಿತ್ತಿದ, ಊರ ಜಾತ್ರೆಯಲ್ಲಿ ಪಂಕ್ತಿಗೆ ಬಡಿಸಿದ.

ಎರಡು ತಿಂಗಳಿಗೊಮ್ಮೆ ತಾಯಿ ಮಗ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರೋರು. ನನ್ನ ಬಾಡಿಗೆ ಮನೆ ಬಿಟಿಎಂ ಲೇಔಟಲ್ಲಿ, ನಿಮ್ಹಾನ್ಸ್‌ಗೆ ಹತ್ತಿರ. ಬೆಳಗ್ಗೆ ನಮ್ಮಲ್ಲಿ ಮುಖ ತೊಳೆದು, ಉಪ್ಪಿಟ್ಟು ತಿಂದು, ಕ್ಯೂಗೆ. ಎರಡು ಬಸ್ ಚಾರ್ಜು, ಎರಡು ದಿನದ ಕೂಲಿ. ಇದೆಲ್ಲ ಕಷ್ಟದ ಕೇಸಿಗಾ? ಅಲ್ಲ. ಡೋಸು ಬದಲಾಗದ, ದಿನಕ್ಕೆ ಒಂದು ಕಾಫಿ ದುಡ್ಡಿಗಿಂತ ಕಡಿಮೆ ಬೆಲೆಯ ಅದೇ ಮಾತ್ರೆಗೆ. "ಮಾತ್ರೆ ತರಕ್ಕೆ ಬೆಂಗ್ಳೂರಿಗೆ ಬರದು ಅಂದ್ರೆ ಏನಪ್ಪಾ, ಬಂಗಾರ ತರಕ್ಕೆ ಬಂದಂಗೆ" ಅಂತ ದೊಡ್ಡಮ್ಮ ನಗೋರು.

ಒಂದು ಸಲ ಬರೋಕೆ ಆಗಲಿಲ್ಲ. ದೊಡ್ಡಮ್ಮನ ಮಂಡಿ ನೋವು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಚೀಟಿ ಹಿಡಕೊಂಡು ಹೋದರೆ "ಇದು ನಮ್ಮಲ್ಲಿ ಬರಲ್ಲಮ್ಮ, ನಿಮ್ಹಾನ್ಸ್‌ಗೇ ಹೋಗಿ" ಅಂದರು. ಮೆಡಿಕಲ್ ಶಾಪಿನವನು ಚೀಟಿ ಹಳೇದು, ಈ ಮಾತ್ರೆ ಇಡಲ್ಲ ಅಂದ. ಮೂರು ವಾರ ಮಾತ್ರೆ ಇಲ್ಲ. ಮೊದಲು ನಿದ್ದೆ ಹೋಯ್ತು. ಆಮೇಲೆ ಅನ್ನದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಅಂತ ಊಟ ಬಿಟ್ಟ. ವಿಷಯ ನನಗೆ ಗೊತ್ತಾಗಿ ಕಾರು ಮಾಡಿಕೊಂಡು ಹೋಗಿ ಕರಕೊಂಡು ಬರೋ ಹೊತ್ತಿಗೆ, ಸ್ವಂತ ತಾಯಿ ಕೈಲಿ ನೀರೂ ಕುಡೀತಿರಲಿಲ್ಲ. ಮತ್ತೆ ಒಂದು ತಿಂಗಳು ವಾರ್ಡು. ಈಗ ಚೇತರಿಸಿಕೊಂಡಿದ್ದಾನೆ. ಆದರೆ ಅವನಿಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಹಿಂದೆ ಸರಿದರು. ಊರಲ್ಲಿ "ಮತ್ತೆ ಕೆಟ್ಟಿತಂತೆ" ಅನ್ನೋ ಮಾತು ಮಾತ್ರ ಉಳೀತು.

ಕೆಟ್ಟಿದ್ದು ಅವನ ತಲೆಯಾ, ಔಷಧಿ ಬೀರುವಾ? ನೀವೇ ಹೇಳಿ.

*

ಇದನ್ನ ಗೆಳೆಯರ ಹತ್ತಿರ ಹೇಳಿದಾಗೆಲ್ಲ ನಾಲ್ಕು ಉತ್ತರ ಬರುತ್ತೆ. ಒಂದೊಂದಾಗಿ ನೋಡೋಣ.

ಒಂದು: "ಹಂಗಾದ್ರೆ ಪ್ರತಿ ಊರಿಗೂ ಒಂದು ನಿಮ್ಹಾನ್ಸ್ ಕಟ್ಟಲಿ." ಇದು ಕೇಳೋಕೆ ಚೆಂದ, ಶಂಕುಸ್ಥಾಪನೆಗೆ ಇನ್ನೂ ಚೆಂದ. ದೊಡ್ಡ ಸಂಸ್ಥೆ ಬೇಡ ಅಂತಲ್ಲ. ಮಿದುಳಿನ ಆಪರೇಶನ್ನಿಗೆ, ಯಾವ ಮಾತ್ರೆಗೂ ಬಗ್ಗದ ಮೂರ್ಛೆಗೆ, ಕಗ್ಗಂಟಾದ ಕೇಸುಗಳಿಗೆ, ಡಾಕ್ಟರುಗಳನ್ನ ತಯಾರು ಮಾಡೋಕೆ ಅದು ಬೇಕೇ ಬೇಕು. ಆದರೆ ಕಟ್ಟಡ ಎದ್ದು, ಹುದ್ದೆ ತುಂಬಿ, ಕೆಲಸ ಶುರುವಾಗೋಕೆ ಎಷ್ಟು ವರ್ಷ? ಅಲ್ಲಿವರೆಗೂ ನಮ್ಮಣ್ಣನಂಥವರು ಮಾತ್ರೆಗೆ ಎಲ್ಲಿಗೆ ಹೋಗಬೇಕು? ಎದ್ದ ಮೇಲೂ ಅದು ಇನ್ನೊಂದು ದೂರದ ಕಾಂಪೌಂಡೇ ತಾನೇ?

ಎರಡು: "ಪಿಎಚ್‌ಸಿ ಡಾಕ್ಟರಿಗೆ ಮೈತುಂಬ ಕೆಲಸ, ಇದನ್ನೂ ಹೇರ್ತೀರಾ?" ಕೆಲಸ ಇದೆ, ನಿಜ. ಡಾಕ್ಟರೇ ಇಲ್ಲದ ಕೇಂದ್ರಗಳೂ ಇವೆ. ಆದರೆ ಟಿಬಿ ನೋಡಿ. ಟಿಬಿ ಬಂದವನಿಗೆ ತಿಂಗಳು ತಿಂಗಳು ಬೆಂಗಳೂರಿಗೆ ಬಂದು ಮಾತ್ರೆ ತಗೊಂಡು ಹೋಗು ಅಂತ ಯಾರಾದರೂ ಹೇಳ್ತಾರಾ? ಊರಲ್ಲೇ ಮಾತ್ರೆ ಕೊಟ್ಟು, ನುಂಗಿದನಾ ಇಲ್ಲವಾ ಅಂತ ವಿಚಾರಿಸ್ತಾರೆ. ಬಿಪಿಗೆ, ಶುಗರಿಗೆ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಕೇಳೋಕೆ ನಮಗೆ ಸಂಕೋಚ ಇಲ್ಲ. ಒಮ್ಮೆ ತಜ್ಞರು ಕಾಯಿಲೆ ಗುರುತಿಸಿ ಡೋಸು ಗೊತ್ತು ಮಾಡಿದ ಮೇಲೆ, ಅದೇ ಮಾತ್ರೆ ಮುಂದುವರಿಸೋದು, ತೊಂದರೆ ಕಂಡರೆ ಮೇಲಕ್ಕೆ ಕಳಿಸೋದು, ಇಷ್ಟೇ ಕೆಲಸ. ಮಾತ್ರೆ ತಪ್ಪಿದರೆ ಮನೆಗೆ ಹೋಗಿ ಕೇಳೋಕೆ ಬಳ್ಳಾರಿಯ ಕಾಲದಲ್ಲಿ ಆಶಾ ಕಾರ್ಯಕರ್ತೆಯರೂ ಇರಲಿಲ್ಲ. ಈಗ ಇದ್ದಾರೆ. (ಅವರಿಗೆ ಕೊಡೋ ಗೌರವಧನದ ಬಗ್ಗೆ ಬರೆಯೋಕೆ ಹೊರಟರೆ ಇನ್ನೊಂದು ಪೋಸ್ಟ್ ಆಗುತ್ತೆ.)

ಮೂರು: "ಈಗ ಎಲ್ಲ ಫೋನಲ್ಲೇ ಆಗುತ್ತಲ್ಲ." ನಮ್ಮ ಐಟಿ ಮಂದಿಯ ಅಚ್ಚುಮೆಚ್ಚಿನ ಉತ್ತರ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯ್ತು, ನಂಬರು 14416. ಅದರ ಹಿಂದೆಯೂ ನಿಮ್ಹಾನ್ಸ್ ಇದೆ, ತಾಂತ್ರಿಕ ಬೆಂಬಲಕ್ಕೆ ಬೆಂಗಳೂರಿನ ಐಐಐಟಿ ಇದೆ. ಕನ್ನಡದಲ್ಲೂ ಮಾತಾಡಬಹುದು. ಒಳ್ಳೆಯ ಕೆಲಸ, ನಂಬರು ಬರೆದಿಟ್ಟುಕೊಳ್ಳಿ, ಬೇಕಾದವರಿಗೆ ಕೊಡಿ. ಮನಸ್ಸು ಕುಗ್ಗಿ ಕೂತವನಿಗೆ ನಡುರಾತ್ರಿಯಲ್ಲಿ ಒಂದು ದನಿ ಸಿಗೋದು ಸಣ್ಣ ಮಾತಲ್ಲ. ಆದರೆ ಫೋನಿನ ತಂತಿಯಲ್ಲಿ ಮಾತ್ರೆ ಬರಲ್ಲ ಸ್ವಾಮಿ. ಫೋನಲ್ಲಿ ಮಾತಾಡಿದ ಮೇಲೆ "ನಿಮ್ಮ ಹತ್ತಿರದ ಆಸ್ಪತ್ರೆಗೆ ಹೋಗಿ" ಅಂದರೆ, ಆ ಹತ್ತಿರದ ಆಸ್ಪತ್ರೆಯಲ್ಲಿ ಏನಾದರೂ ಇರಬೇಕಲ್ಲ?

ನಾಲ್ಕು: "ನಮ್ಮ ಜನಕ್ಕೇ ಬುದ್ಧಿ ಇಲ್ಲ, ದೇವರು ದಿಂಡರು ಅಂತ ಸುತ್ತುತ್ತಾರೆ." ನನಗೆ ಅತ್ಯಂತ ಸಿಟ್ಟು ಬರೋದು ಇದಕ್ಕೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಬಿಗಿದಿದ್ದ 28 ಜನ ಮನೋರೋಗಿಗಳು ಸತ್ತರು. ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯಗಳಲ್ಲಿ ಒಂದು ಅದು. ಅಲ್ಲಿಗೆ ಕರಕೊಂಡು ಹೋದ ತಂದೆ ತಾಯಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವಾ? ಕೋಟದ ಜನರ ಹಾಗೆ ಅವರೂ ಸಿಕ್ಕ ಬಾಗಿಲನ್ನೆಲ್ಲ ತಟ್ಟಿರ್ತಾರೆ. ದೇವಸ್ಥಾನ, ದರ್ಗಾ, ಭೂತದ ಗುಡಿ ಊರಲ್ಲೇ ಇವೆ. ಹೋದರೆ ಯಾರೋ ಒಬ್ಬರು ಕೂರಿಸಿಕೊಂಡು ಕಥೆ ಕೇಳ್ತಾರೆ. "ಇದು ನಮ್ಮಲ್ಲಿ ಬರಲ್ಲ" ಅನ್ನೋದಿಲ್ಲ. ಸರ್ಕಾರಿ ಬಾಗಿಲು ಅಷ್ಟೇ ಹತ್ತಿರ ಇಟ್ಟು, ಅಷ್ಟೇ ಸಮಾಧಾನದಿಂದ ಮಾತಾಡಿಸಿ, ಆಮೇಲೂ ಜನ ಬರದಿದ್ದರೆ ಮೂಢರು ಅಂತ ಬೈಯೋಣ.

*

ಇದು ಬರೀ ನನ್ನ ಅಭಿಪ್ರಾಯ ಆಗಿದ್ದರೆ ಬಿಡಿ ಅನ್ನಬಹುದಿತ್ತು. ಆದರೆ ಇದು ದೇಶದ ಕಾನೂನು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಓದಿ. ಯಾವ ಮನೋರೋಗಿಯೂ ಚಿಕಿತ್ಸೆಗಾಗಿ ಬಹಳ ದೂರ ಪ್ರಯಾಣ ಮಾಡೋ ಹಾಗೆ ಆಗಬಾರದು, ಸೇವೆ ಅವರು ವಾಸ ಮಾಡೋ ಜಾಗಕ್ಕೆ ಹತ್ತಿರದಲ್ಲೇ ಸಿಗಬೇಕು ಅಂತ ಅದರಲ್ಲಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರೋ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು ಅಂತಲೂ ಇದೆ. "ಯಾವಾಗಲೂ" ಅನ್ನೋ ಪದ ನನ್ನದಲ್ಲ, ಕಾಯ್ದೆಯದೇ. (ಸಮುದಾಯ ಆರೋಗ್ಯ ಕೇಂದ್ರ ಅಂದರೆ ಪ್ರಾಥಮಿಕ ಕೇಂದ್ರಕ್ಕಿಂತ ಒಂದು ಮೆಟ್ಟಿಲು ಮೇಲೆ. ಬಳ್ಳಾರಿಯಲ್ಲಿ ಎಂಬತ್ತರ ದಶಕದಲ್ಲೇ ಇದಕ್ಕಿಂತ ಕೆಳಗಿನ ಮೆಟ್ಟಿಲಿಗೆ ಔಷಧಿ ಇಳಿದಿತ್ತು ಅನ್ನೋದನ್ನ ಮರೀಬೇಡಿ.)

ಹಾಗಾಗಿ ಬ್ಲಾಗಿಗ ಮಿತ್ರರೇ, ನನ್ನದು ಒಂದು ಕೋರಿಕೆ. ನಾವೆಲ್ಲ ಬೆಂಗಳೂರು, ಪುಣೆ, ಕ್ಯಾಲಿಫೋರ್ನಿಯಾ ಅಂತ ಎಲ್ಲೆಲ್ಲೋ ಕೂತು ಕೀಲಿ ಕುಟ್ಟೋರು. ಆದರೆ ನಮ್ಮೆಲ್ಲರಿಗೂ ಒಂದೊಂದು ಊರಿದೆ, ಊರಿಗೊಂದು ತಾಲೂಕಿದೆ. ಮುಂದಿನ ಸಲ ಹಬ್ಬಕ್ಕೆ ಹೋದಾಗ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿಗೆ ಹೋಗಿ ಕೇಳಿ: ರಿಸ್ಪೆರಿಡೋನ್ ಇದೆಯಾ? ಲಿಥಿಯಂ ಇದೆಯಾ? ಫ್ಲುಆಕ್ಸೆಟಿನ್, ಫೆನಿಟಾಯಿನ್, ವಾಲ್‌ಪ್ರೊಯೇಟ್? ಕೇಳೋಕೆ ಮುಜುಗರ ಆದರೆ ಮಾಹಿತಿ ಹಕ್ಕಿನಲ್ಲಿ ತಾಲೂಕು ಆರೋಗ್ಯಾಧಿಕಾರಿ ಕಚೇರಿಗೆ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಕಳೆದ ಹನ್ನೆರಡು ತಿಂಗಳಲ್ಲಿ ಈ ಔಷಧಿಗಳು ಯಾವ್ಯಾವ ಕೇಂದ್ರದಲ್ಲಿ ಎಷ್ಟು ದಿನ ಖಾಲಿ ಇದ್ದವು, ಇಷ್ಟೇ ಪ್ರಶ್ನೆ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು ಅಂತ ನಿಯಮ. ನಮ್ಮಂಥ ಬ್ಲಾಗಿಗರಿಗೆ ನಿಜವಾದ ಕಷ್ಟ ಇರೋದು ಅದೊಂದೇ :-)

ನಮ್ಮ ತಾಲೂಕಿನ ಅರ್ಜಿ ನಾನು ಹೋದ ವಾರ ಹಾಕಿದ್ದೀನಿ. 30 ದಿನದೊಳಗೆ ಉತ್ತರ ಬರಬೇಕು. ಬಂದ ಹಾಗೇ ಇಲ್ಲಿ ಹಾಕ್ತೀನಿ, ಒಳ್ಳೆಯದಿದ್ದರೂ ಸರಿ, ಕೆಟ್ಟದಿದ್ದರೂ ಸರಿ. ನಿಮ್ಮ ತಾಲೂಕಿನದು ಬಂದರೆ ಕಾಮೆಂಟಲ್ಲಿ ತಿಳಿಸಿ, ಎಲ್ಲವನ್ನೂ ಸೇರಿಸಿ ತಾಲೂಕುವಾರು ಒಂದು ಪಟ್ಟಿ ಮಾಡೋದು ನನ್ನ ಜವಾಬ್ದಾರಿ. ಪಟ್ಟಿ ದೊಡ್ಡದಾದರೆ ಅದನ್ನ ಯಾರ ಮೇಜಿನ ಮೇಲೆ ಇಡಬೇಕು ಅನ್ನೋದನ್ನ ಆಮೇಲೆ ಕೂತು ಮಾತಾಡೋಣ.

ಈ ಪೋಸ್ಟ್ ಒಪ್ಪದವರೂ ಧಾರಾಳವಾಗಿ ಬೈಯಬಹುದು. ನನ್ನನ್ನೂ ನಿಮ್ಹಾನ್ಸ್‌ಗೆ ಸೇರಿಸಿ ಅನ್ನೋರಿದ್ದರೆ ಅವರಿಗೆ ಒಂದೇ ಮಾತು: ಅಲ್ಲಿ ಆಗಲೇ ಕ್ಯೂ ಉದ್ದ ಇದೆ, ನಿಮ್ಮ ತಾಲೂಕಿನ ಅರ್ಜಿ ಮೊದಲು ಹಾಕಿ.